ತಣ್ಣಗಿರಲಿ ಒಂಟಿ ಎಳೆಯ ಹನಿ

ಕಮತಗಿಯ ನೇಕಾರರ ಓಣಿಯಲ್ಲಿ ಅಂದು ಮಗ್ಗಗಳ ಸದ್ದಿಗಿಂತ ಮಕ್ಕಳ ಸದ್ದೇ ಹೆಚ್ಚಾಗಿತ್ತು. ಎಂಬತ್ತಾರನೇ ಇಸವಿಯ ಬೇಸಿಗೆ. ಹೊಳಬಸಪ್ಪನ ಮನೆಯ ಪಡಸಾಲೆಯಲ್ಲಿ ತಾಯಂದಿರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು. ಪೋಲಿಯೋ ಹನಿ ಹಾಕುವ ದಿನ.

ಹಿಂದಿನ ತಿಂಗಳು ಪಕ್ಕದ ಓಣಿಯ ಕೂಸೊಂದಕ್ಕೆ ಜ್ವರ ಬಂದಿತ್ತು. ಜ್ವರ ಇಳಿಯಿತು, ಎಡಗಾಲು ಏಳಲಿಲ್ಲ. ಅಂದಿನಿಂದ ಹೊಳಬಸಪ್ಪನ ಹೆಂಡತಿ ಶಿವಲಿಂಗವ್ವ ತನ್ನ ಮಗ ಅಂದಾನಿಯ ಕಾಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಹಿಂದಿನ ಸಲ ಹನಿ ಹಾಕಿದಾಗ ಅವಳು ತವರಿನಲ್ಲಿದ್ದಳು. ಈ ಸಲ ಏನೇ ಆದರೂ ತಪ್ಪಿಸಬಾರದು ಎಂದು ಬೆಳಗ್ಗೆಯೇ ಕೂಸಿಗೆ ಬಿಸಿನೀರು ಎರೆದು, ಕಾಡಿಗೆ ಹಚ್ಚಿ ಕಾದಿದ್ದಳು.

ನರ್ಸ್ ಜೋಹರಾ ಮೊದಲ ಬಸ್ಸಿಗೇ ಹುನಗುಂದದ ದವಾಖಾನೆಯಿಂದ ಬಂದಿದ್ದಳು. ಹೆಗಲಿಗೆ ಐಸಿನ ಡಬ್ಬಿ. ಅದನ್ನು ಮಗ್ಗದ ಪಕ್ಕ ನೆರಳಿನಲ್ಲಿ ಇಟ್ಟು, "ಉಳಿದವರನ್ನ ಕರಕೊಂಡು ಬರತೇನಿ. ಡಬ್ಬಿ ಕಡೆ ಲಕ್ಷ್ಯ ಇರಲಿ" ಎಂದು ಓಣಿಗೆ ಇಳಿದಳು.

ಲಕ್ಷ್ಯ ಇಟ್ಟವಳು ಹೊಳಬಸಪ್ಪನ ತಾಯಿ ಗುರುಲಿಂಗವ್ವ. ಲಕ್ಷ್ಯ ಸ್ವಲ್ಪ ಹೆಚ್ಚೇ ಆಯಿತು.

ಜೋಹರಾ ಮರಳಿ ಬಂದು, ಶಿವಲಿಂಗವ್ವನ ಎದುರು ಕುಳಿತು ಡಬ್ಬಿ ತೆರೆದಳು. ಸೀಸೆ ಕೈಗೆ ತೆಗೆದುಕೊಂಡವಳು ಅದನ್ನು ಕೆನ್ನೆಗೆ ಒತ್ತಿ ನೋಡಿದಳು. ಇನ್ನೊಂದನ್ನು ಮುಟ್ಟಿದಳು. ಅದೂ ಹಾಗೇ.

"ಇವು ಯಾಕ ಬೆಚ್ಚಗ ಅದಾವು?"

"ನಾನ ಮಾಡೇನಿ" ಎಂದಳು ಗುರುಲಿಂಗವ್ವ, ಹೊಗಳಿಕೆಗೆ ಕಾದವಳಂತೆ. "ಬರಫದ ಮ್ಯಾಲ ಇಟ್ಟಿದ್ರಿ. ಅಷ್ಟು ತಣ್ಣಂದು ಕೂಸಿನ ಗಂಟಲಿಗೆ ಬಿಟ್ರ ನೆಗಡಿ ಹಿಡದು ಎದಿ ಕಟ್ಟತೈತಿ. ಹಂಡ್ಯಾನ ಬಿಸಿನೀರು ಬೋಗಾಣಿಗೆ ತಗೊಂಡು ಚೊಲೊತ್ನಾಗಿ ಅದ್ದಿ, ಈಗಷ್ಟ ತಿರುಗಿ ಡಬ್ಬ್ಯಾಗ ಇಟ್ಟೇನಿ. ಈಗ ಹಾಕ್ರಿ, ಹಿತಾ ಆಗತೈತಿ."

"ಔಷಧಕ್ಕ ಎರದಾಳ ಮುದುಕಿ" ಎಂದು ನೆರೆಮನೆಯ ಲಗಮವ್ವ ನಕ್ಕಳು. "ಇನ್ನ ಕಾಡಗಿ ಹಚ್ಚೂದೊಂದು ಉಳದೈತಿ."

ಪಡಸಾಲೆ ನಕ್ಕಿತು. ಜೋಹರಾ ಮಾತ್ರ ನಗಲಿಲ್ಲ. ಸೀಸೆಗಳನ್ನೆಲ್ಲ ಬದಿಗೆ ಇಟ್ಟು, "ಇವು ಹಾಕಾಕ ಬರೂದಿಲ್ಲ" ಎಂದಳು.

ಶಿವಲಿಂಗವ್ವನ ಮುಖ ಇಳಿಯಿತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಹೊಳಬಸಪ್ಪ ಲಾಳಿ ನಿಲ್ಲಿಸಿದ.

"ಯಾಕ ಬರೂದಿಲ್ರಿ ಅಕ್ಕಾರ? ಗುಲಾಬಿ ಬಣ್ಣ ಹಂಗ ಐತಿ. ವಾಸನಿ ಹಂಗ ಐತಿ. ನಮ್ಮವ್ವ ಕಷಾಯ ಕುದಿಸಿದಷ್ಟೂ ಗುಣಾ ಹೆಚ್ಚಂತಾಳ. ನಿಮ್ಮ ಸರಕಾರಿ ಔಷಧ ಏನು ಬೆಣ್ಣಿ ಐತೇನು, ಕರಗಾಕ?"

"ಬೆಣ್ಣಿಗಿಂತ ನಾಜೂಕ ಐತ್ರಿ ಅಣ್ಣಾರ. ಬೆಣ್ಣಿ ಕರಗಿದ್ದು ಕಣ್ಣಿಗೆ ಕಾಣತೈತಿ. ಇದು ಕೆಟ್ಟಿದ್ದು ಕಾಣೂದಿಲ್ಲ."

ಇಬ್ಬರು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಎದ್ದರು. ಎದ್ದವರು ಹೋದರೆ ಉಳಿದವರೂ ಹೋಗುತ್ತಾರೆ. ಹೋದವರು ಮತ್ತೆ ಬರುವುದು ಕಷ್ಟ. ಜೋಹರಾಳಿಗೆ ಅದು ಗೊತ್ತಿತ್ತು. ಬಾಗಲಕೋಟೆಯ ಕಾಲೇಜಿನಲ್ಲಿ ವಿಜ್ಞಾನ ಓದಿ ನರ್ಸ್ ಆದವಳು ಅವಳು. ಅಂದು ಓದಿದ್ದನ್ನು ಈ ಪಡಸಾಲೆಯಲ್ಲಿ ಹೇಗೆ ಹೇಳುವುದು ಎಂದು ಸುತ್ತ ನೋಡಿದಳು. ಸುತ್ತೆಲ್ಲ ನೂಲೇ ಇತ್ತು.

"ಅಣ್ಣಾರ, ಒಂದು ಹುರಿ ಮಾಡಿದ ನೂಲು ಕೊಡ್ರಿ. ಒಂದು ಒಂಟಿ ಎಳಿ ಕೊಡ್ರಿ."

ಹೊಳಬಸಪ್ಪ ಕೊಟ್ಟ. ಜೋಹರಾ ಹುರಿನೂಲನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಇದರಾಗ ಎರಡು ಎಳಿ ಒಂದಕ್ಕೊಂದು ಸುತ್ತಿಕೊಂಡಾವು. ನಿಮ್ಮ ಮೈಯಾಗ, ನನ್ನ ಮೈಯಾಗ, ಎತ್ತಿನೊಳಗ, ಜ್ವಾಳದ ಕಾಳಿನೊಳಗ ಇಂಥಾದ ಒಂದು ನೂಲು ಐತಿ. ಡಿ.ಎನ್.ಎ. ಅಂತಾರ. ಕೂಸಿಗೆ ಅಪ್ಪನ ಮೂಗು, ಅವ್ವನ ಬಣ್ಣ ಯಾಕ ಬರತೈತಿ ಅಂದ್ರ ಈ ನೂಲಿನಿಂದ."

"ಅಂದಾನಿ ಮೂಗು ನಮ್ಮ ಮನಿತನದ್ದು" ಎಂದಳು ಗುರುಲಿಂಗವ್ವ.

"ಹೌದ್ರಿ ಆಯಿ, ನೂಲು ನಿಮ್ಮ ಮನೀದ ಅಲ್ಲೇನು? ಆ ಎಳಿ ಹೆಂಗ ಆಗೇತಿ ಅಂದ್ರ, ಒಂದು ಸಕ್ಕರಿ, ಒಂದು ರಂಜಕದ ಉಪ್ಪು, ಮತ್ತ ಸಕ್ಕರಿ, ಮತ್ತ ರಂಜಕದ ಉಪ್ಪು, ಹಿಂಗ ಪೋಣಿಸಿಕೊಂಡು ಹೋಗೇತಿ. ಒಂದೊಂದು ಸಕ್ಕರಿಗೂ ಒಂದೊಂದು ಕೊಂಡಿ. ಈ ಎಳಿಯ ಕೊಂಡಿ ಆ ಎಳಿಯ ಕೊಂಡಿ ಹಿಡಕೊಂಡಿರತೈತಿ."

ಹೊಳಬಸಪ್ಪ ಕುಣಿಯಿಂದ ಮೇಲೆದ್ದು ಬಂದ. ಇಳಕಲ್ಲ ಸೀರೆಯ ಮೈಯ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೈ ಅವನದು.

"ಸೆರಗು ಕೂಡಿಸಿದಂಗ ಅನ್ರಿ."

"ಹಂಗ. ಆದ್ರ ಸಿಕ್ಕ ಸಿಕ್ಕ ಕೊಂಡಿಗೆ ಬೀಳೂದಿಲ್ಲ. ನಾಕು ಬಗಿ ಕೊಂಡಿ. ಅಡೆನಿನ್ ಅನ್ನೂದು ಥೈಮಿನ್ ಕೂಡ ಅಷ್ಟ. ಗ್ವಾನಿನ್ ಅನ್ನೂದು ಸೈಟೊಸಿನ್ ಕೂಡ ಅಷ್ಟ. ಬ್ಯಾರೇದು ಒಲ್ಲೆ ಅಂತಾವು."

"ಕೆಂಪಿಗೆ ಬಿಳಿ, ಹಸರಿಗೆ ಹಳದಿ" ಎಂದು ಹೊಳಬಸಪ್ಪ ತಲೆಯಾಡಿಸಿದ. "ಕಾಯಿಸಿದ್ರ?"

"ನೀರು ಕುದಿಯೂ ಹಂತಕ್ಕ ಬಂದ್ರ ಕೊಂಡಿ ಬಿಟ್ಟು ಎರಡೂ ಎಳಿ ಬ್ಯಾರೆ ಆಗತಾವು. ಮತ್ತ ಸಾವಕಾಶ ಆರಿಸಿದ್ರ ತಮ್ಮ ತಮ್ಮ ಜೋಡಿ ಹುಡುಕಿಕೊಂಡು ಬಂದು ಕೂಡತಾವು."

"ತಾವ ಹುಡುಕತಾವ?"

"ತಾವ."

ಹೊಳಬಸಪ್ಪನ ಕಣ್ಣು ಅರಳಿದವು. ಆಗಲೇ ಎದ್ದಿದ್ದ ತಾಯಂದಿರು ಬಾಗಿಲಲ್ಲೇ ನಿಂತರು. ಶಿವಲಿಂಗವ್ವನಿಗೆ ಮಾತ್ರ ತಡೆಯಲಾಗಲಿಲ್ಲ. "ಅದಿರಲಿ ಅಕ್ಕಾರ, ನನ್ನ ಕೂಸಿನ ಹನಿ ಯಾಕ ಕೆಟ್ಟಿತು, ಅದನ್ನ ಹೇಳ್ರಿ" ಎಂದಳು.

ಜೋಹರಾ ಹುರಿನೂಲು ಕೆಳಗಿಟ್ಟು ಒಂಟಿ ಎಳೆಯನ್ನು ಎತ್ತಿದಳು.

"ಪೋಲಿಯೋದ ವೈರಾಣುವಿನೊಳಗ ಡಿ.ಎನ್.ಎ. ಇಲ್ಲವ್ವ. ಅದರ ತಂಗಿ ಅದಾಳ, ಆರ್.ಎನ್.ಎ. ಅಂತ. ಇಲ್ಲಿ ಥೈಮಿನ್ ಬದಲಿ ಯುರಾಸಿಲ್ ಅನ್ನೂ ಕೊಂಡಿ. ಒಂದ ಎಳಿ, ಜೋಡಿ ಇಲ್ಲ. ಮ್ಯಾಲ ಇದರ ಸಕ್ಕರಿಯೊಳಗ ಒಂದು ಸಣ್ಣ ಮುಳ್ಳು ಹೆಚ್ಚಿಗಿ ಐತಿ. ಆ ಮುಳ್ಳು ತಿರುಗಿ ತನ್ನ ಎಳಿಗೇ ತೊಡರಿ ಹರೀತೈತಿ. ತಣ್ಣಗಿದ್ರ ಮುಳ್ಳು ಸುಮ್ಮನಿರತೈತಿ. ಬಿಸಿ ಏರಿದಂಗ ಎಳಿ ಜಲ್ದಿ ಹರೀತೈತಿ. ಎಳಿ ಮುಚ್ಚಿದ ಮ್ಯಾಲಿನ ಅಂಗೀನೂ ಕೆಡತೈತಿ. ಈ ಹನಿಯೊಳಗ ಇರೂದು ಸೊಕ್ಕು ಮುರದ ಪೋಲಿಯೋ. ಅದು ಜೀವಂತ ಹೊಟ್ಟಿಗೆ ಹೋಗಬೇಕು. ಖರೇ ರೋಗ ಬಂದ್ರ ಹೆಂಗ ತಡೀಬೇಕು ಅಂತ ಕೂಸಿನ ಮೈಗೆ ಕಲಿಸಬೇಕು."

ಹೊಳಬಸಪ್ಪ ಒಂಟಿ ಎಳೆಯನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದ. ಮೆಲ್ಲಗೆ ಎಳೆದ. ಅದು ಹರಿಯಿತು.

"ಹುರಿಯೊಳಗ ಒಂದು ಎಳಿ ಹರಿದ್ರ ಇನ್ನೊಂದು ಹಿಡದಿರತೈತಿ" ಎಂದ ತನಗೆ ತಾನೇ ಹೇಳಿಕೊಂಡಂತೆ. "ಎಲ್ಲಿ ಕೂಡಿಸಬೇಕು ಅಂತ ಇನ್ನೊಂದನ್ನ ನೋಡಿದ್ರ ತಿಳೀತೈತಿ. ಇದು ಹರಿದ್ರ..." ತಲೆಯೆತ್ತಿದ. "ನೋಡಾಕ ಎರಡನೇ ಎಳಿನ ಇಲ್ಲ. ಹೌದಿಲ್ರಿ ಅಕ್ಕಾರ? ಯವ್ವಾ, ಎರಡನೇ ಎಳಿನ ಇಲ್ಲ ಇದರಾಗ."

ಹೊಸ ವಿನ್ಯಾಸ ಕಂಡುಕೊಂಡವನಂತೆ ಅವನು ಪಡಸಾಲೆಯ ತುಂಬ ಓಡಾಡಿದ. ಗುರುಲಿಂಗವ್ವ ಮಾತ್ರ ಕಂಬಕ್ಕೆ ಒರಗಿ ಕುಳಿತುಬಿಟ್ಟಿದ್ದಳು.

"ಈ ಹನಿ ಹಾಕಿಸಿದ್ರ ಕೂಸಿಗೆ ಏನಾರ ಆಗತಿತ್ತೇನು?" ಎಂದು ಕೇಳಿದಳು.

"ಏನೂ ಆಗತಿದ್ದಿಲ್ರಿ ಆಯಿ. ಅದ ಕೆಟ್ಟದ್ದು. ಹನಿ ಹಾಕಿಸೇನಿ ಅಂತ ನೀವು ನಿಶ್ಚಿಂತಿ ಇರತಿದ್ರಿ. ಕೂಸಿಗೆ ಕಾವಲು ಇರತಿದ್ದಿಲ್ಲ."

ಮುದುಕಿ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಳು.

ಹುನಗುಂದದಲ್ಲಿ ಬೇರೆ ಸೀಸೆಗಳಿದ್ದವು. ಆದರೆ ಜೋಹರಾ ಹೋದರೆ ಪಡಸಾಲೆ ಖಾಲಿಯಾಗುತ್ತದೆ. "ನಾ ಹೋಗತೇನಿ" ಎಂದ ಹೊಳಬಸಪ್ಪ. ಜೋಹರಾ ಕಂಪೌಂಡರಿಗೆ ಚೀಟಿ ಬರೆದುಕೊಟ್ಟಳು. ಖಾಲಿ ಡಬ್ಬಿ ಹೆಗಲಿಗೇರಿಸಿ ಅವನು ಬಸ್ಸಿಗೆ ಓಡಿದ. ಅವನ ಜೀವಮಾನದಲ್ಲಿ ಅರ್ಧ ನೇಯ್ದ ಸೀರೆ ಬಿಟ್ಟು ಎದ್ದದ್ದು ಅದೇ ಮೊದಲು.

ಹೋಗುವಾಗ ತೊಂದರೆ ಆಗಲಿಲ್ಲ. ಹೊಸ ಐಸು, ಹೊಸ ಸೀಸೆ ಸಿಕ್ಕವು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಕರದಂಟಿನ ಅಂಗಡಿಗಳ ಮುಂದೆ ಡ್ರೈವರ್ ಬಾನೆಟ್ ತೆರೆದ. ಹೊಗೆಯಂಥ ಉಗಿ ಎದ್ದಿತು.

"ಎಷ್ಟೊತ್ತು ಆದೀತ್ರಿ?"

"ಇಂಜಿನ್ ತಣ್ಣಗಾಗೂ ತನಕ. ಕರದಂಟ ತಿನಕೋತ ಕುಂದರ್ರಿ."

ಬಿಸಿಲು ನೆತ್ತಿಗೇರಿತ್ತು. ಬಸ್ಸಿನ ತಗಡು ಕಾದ ಹಂಚಾಗಿತ್ತು. ಹೊಳಬಸಪ್ಪ ಡಬ್ಬಿಯನ್ನು ಎದೆಗವಚಿಕೊಂಡು ಕೆಳಗಿಳಿದ. ಎದೆಯ ಬಿಸಿಯೂ ಬಿಸಿಯೇ ಎಂದು ನೆನಪಾಗಿ ದೂರ ಹಿಡಿದ. ಬೇವಿನ ಮರದ ಕೆಳಗೆ ಐಸಕ್ಯಾಂಡಿ ಮಾರುವ ಸುಭಾನಸಾಬ ತನ್ನ ಗಾಡಿಯ ಮೇಲಿನ ಮರದ ಪೆಟ್ಟಿಗೆಗೆ ಒರಗಿ ಕುಳಿತಿದ್ದ.

"ಸಾಬರ, ನಿಮ್ಮ ಪೆಟಿಗ್ಯಾಗ ಈ ಡಬ್ಬಿಗೆ ಒಂದೀಟು ಜಾಗಾ ಕೊಡ್ರಿ."

"ಅದರಾಗ ಏನೈತಪ್ಪ? ಕಳ್ಳಬಟ್ಟಿ ಇದ್ರ ಬ್ಯಾಡ, ನನ್ನ ಕ್ಯಾಂಡಿಗೆ ವಾಸನಿ ಹತ್ತತೈತಿ."

"ಪೋಲಿಯೋ ಹನಿ ಅದಾವ್ರಿ. ಇದರಾಗ ಒಂದು ನೂಲು ಐತಿ. ಕಣ್ಣಿಗೆ ಕಾಣೂದಿಲ್ಲ. ಒಂದ ಎಳಿ. ನಮ್ಮ ಮೈಯಾಗಿನ ದೊಡ್ಡ ನೂಲು ಎರಡೆಳೀದು, ಅದು ಗಟ್ಟಿ. ಇದರ ಸಕ್ಕರಿಯೊಳಗ ಒಂದು ಮುಳ್ಳು ಐತ್ರಿ..." ಎಂದು ಹೊಳಬಸಪ್ಪ ನಿಂತಲ್ಲಿಯೇ ಪಾಠ ಶುರುಮಾಡಿದ. ಧೋತರದ ಅಂಚಿನಿಂದ ಎಳೆಯೊಂದನ್ನು ಕಿತ್ತು, ಹಿಡಿದು ತೋರಿಸಿದ.

ಸುಭಾನಸಾಬ ಕೇಳಿ ಮುಗಿಸಿ, "ಧೋತರಾ ಹರಕೋಬ್ಯಾಡಪ, ತಿಳೀತು" ಎಂದ. ಕ್ಯಾಂಡಿಗಳನ್ನು ಒಂದು ಕಡೆ ಸರಿಸಿ, ಐಸಿನ ನಡುವೆ ಡಬ್ಬಿ ಇಡಿಸಿ, ಮೇಲೆ ಗೋಣಿತಟ್ಟು ಹಾಸಿದ. "ಡಬ್ಬಿ ಬಾಯಿ ತೆಗೀಬ್ಯಾಡ. ತೆಗೆದಷ್ಟೂ ತಂಪು ಹೋಗತೈತಿ. ಐಸಿನ ವಿಷಯದಾಗ ನಾ ಪಂಡಿತ" ಎಂದ. ಬಸ್ಸು ಕೂಗಿದಾಗ ಡಬ್ಬಿ ಎತ್ತಿಕೊಟ್ಟು, "ನಮ್ಮ ಮೊಮ್ಮಗಳದು ಒಂದು ಸಲ ಆಗೇತಿ. ಮತ್ತೂ ಹಾಕಿಸಬೇಕಂತೇನು?" ಎಂದು ಕೇಳಿದ.

"ಎಷ್ಟು ಸಲ ಕರೀತಾರ ಅಷ್ಟೂ ಸಲ ಹೋಗ್ರಿ. ಒಂದ ಕೊಂಡಿ ಹಾಕಿ ಬಿಟ್ರ ಸೆರಗು ನಿಲ್ಲತೈತೇನು?" ಎನ್ನುತ್ತ ಹೊಳಬಸಪ್ಪ ಬಸ್ಸು ಹತ್ತಿದ.

ಕಮತಗಿಯಲ್ಲಿ ಇಳಿದವನೇ ಅವನು ಡಬ್ಬಿ ಹಿಡಿದು ಓಡಿದ. ಇಷ್ಟು ಹೊತ್ತು ಯಾರು ಕಾದಾರು? ಕಾಯದಿದ್ದರೂ ಅಂದಾನಿಯಾದರೂ ಇರುತ್ತಾನೆ ಎಂದು ಸಮಾಧಾನ ಮಾಡಿಕೊಳ್ಳುತ್ತ ಓಣಿ ತಿರುಗಿದ. ಪಡಸಾಲೆ ಬೆಳಗಿಗಿಂತ ಹೆಚ್ಚು ತುಂಬಿತ್ತು. ಕಟ್ಟೆಯ ಮೇಲೂ ತಾಯಂದಿರು.

"ನಿಮ್ಮವ್ವನ ಕೆಲಸ" ಎಂದಳು ಲಗಮವ್ವ. "ನಾವು ಎದ್ದು ಹೋಗಿದ್ವಿ. ಮನಿ ಮನಿಗೆ ಬಂದು, ಔಷಧ ಕೆಡಿಸಿದಾಕಿ ನಾನ, ನನ್ನ ಮಗ ಚೊಲೊ ಹನಿ ತರಾಕ ಹೋಗ್ಯಾನ, ಬರ್ರಿ ಅಂತ ಕೈ ಹಿಡದು ಎಳಕೊಂಡು ಬಂದಾಳ. ನನ್ನ ಕೈಯಾನ ಬಳಿ ಒಡದಾವು ನೋಡು."

ಜೋಹರಾ ಡಬ್ಬಿ ತೆರೆದಳು. ಐಸು ಇನ್ನೂ ಗಟ್ಟಿಯಾಗಿತ್ತು. ಸೀಸೆಗಳು ಬೆವೆತಿದ್ದವು. ಒಂದನ್ನು ತೆಗೆದು ಮೊದಲು ಗುರುಲಿಂಗವ್ವನ ಮುಂದೆ ಹಿಡಿದಳು. ಮುದುಕಿ ಒಂದೇ ಬೆರಳು ತಾಕಿಸಿ ಕೈ ಹಿಂದೆಳೆದುಕೊಂಡಳು.

"ಚುರುಕ್ ಅಂತೈತಿ. ಜೀವ ಐತಿ ಇದರಾಗ. ಹಾಕ್ರಿ."

ಅಜ್ಜಿಯ ಮಡಿಲಲ್ಲಿ ಅಂದಾನಿ ಬಾಯಿ ತೆರೆದ. ಹನಿ ಬಿದ್ದವು. ತಣ್ಣಗಾಗಿ ಮುಖ ಕಿವುಚಿದ, ನಾಲಿಗೆ ಚಪ್ಪರಿಸಿದ, ಮತ್ತೆ ಬಾಯಿ ತೆರೆದ. ಶಿವಲಿಂಗವ್ವ ಬೆಳಗಿನಿಂದ ಮೊದಲ ಸಲ ನಕ್ಕಳು. ಗುರುಲಿಂಗವ್ವ ಮೊಮ್ಮಗನನ್ನು ಸೆರಗಿನೊಳಗೆ ಎಳೆದುಕೊಂಡು, ಅಂಗೈ ಉಜ್ಜಿ ಉಜ್ಜಿ ಅವನ ಎದೆಗೆ ಕಾವು ಕೊಟ್ಟಳು.

"ಇದಕ್ಕ ನಡೀತೈತಿಲ್ರಿ ಅಕ್ಕಾರ?"

"ಇದಕ್ಕ ಎಷ್ಟರ ನಡೀತೈತ್ರಿ ಆಯಿ" ಎಂದಳು ಜೋಹರಾ. "ಬಿಸಿ ಕೂಸಿಗೆ ಕೊಡ್ರಿ. ಸೀಸಿಗೆ ಬ್ಯಾಡ."

ಮುಂದಿನ ತಿಂಗಳು ಜೋಹರಾ ಬಂದಾಗ ಡಬ್ಬಿ ಇಡಲು ಹೊಸ ಜಾಗ ಸಿದ್ಧವಾಗಿತ್ತು. ಒಲೆಯಿಂದ ದೂರ, ಬಿಸಿಲಿನಿಂದ ದೂರ, ನೀರು ಚಿಮುಕಿಸಿದ ಮೂಲೆ. ಪಕ್ಕದಲ್ಲಿ ಕೋಲು ಹಿಡಿದು ಗುರುಲಿಂಗವ್ವ ಕುಳಿತಿದ್ದಳು. ಬಗ್ಗಿ ನೋಡಲು ಬಂದ ಲಗಮವ್ವನಿಗೆ, "ದೂರ ಸರಿ. ಒಳಗ ಒಂಟಿ ಎಳಿ ಐತಿ" ಎಂದಳು.

ತಾಯಂದಿರೇ, ಅಜ್ಜಿಯರೇ, ನಿಮ್ಮ ಓಣಿಗೂ ಈ ಡಬ್ಬಿ ಬರುತ್ತದೆ. ಅದಕ್ಕೆ ನೆರಳು ಕೊಡಿ, ಮುಚ್ಚಳ ಮುಚ್ಚಿರಲಿ. ಹನಿ ತಣ್ಣಗಿದೆ ಎಂದು ಅಂಜಬೇಡಿ; ಆ ತಂಪಿನಲ್ಲೇ ಅದರ ಜೀವ. ನರ್ಸ್ ಸೀಸೆಯೊಂದನ್ನು ಬದಿಗಿಟ್ಟರೆ ಸಿಟ್ಟಾಗಬೇಡಿ, ಎದ್ದು ಹೋಗಬೇಡಿ, ಒಳ್ಳೆಯದು ಬರುವವರೆಗೆ ಕಾಯಿರಿ. ಒಂದು ಸಲ ಹಾಕಿಸಿ ಬಿಡಬೇಡಿ, ಕರೆದಷ್ಟೂ ಸಲ ಕೂಸನ್ನು ಕರೆತನ್ನಿ. ಕಾವು ಕೊಡುವ ಆಸೆ ನಿಮಗಿದ್ದರೆ ನಿಮ್ಮ ಮಡಿಲು ಇದೆ. ಕೂಸನ್ನು ಅಲ್ಲಿಟ್ಟುಕೊಂಡು ಬನ್ನಿ. ಅದು ನಾಳೆ ಓಣಿಯ ತುಂಬ ಓಡಲಿ.