ಎರಡೂವರೆ ಗೆರೆ

ಮಹಾಂತೇಶನ ನೆಂಟರ ಪೈಕಿ ಡಿಟೇಲಿಂಗ್ ಅಂದರೆ ಏನೆಂದು ಒಬ್ಬರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬ ಮಾವ, "ಏನಪ್ಪಾ, ಈಗೇನ್ ಮಾಡ್ಕೊಂಡಿದ್ದೀಯ?" ಎಂದು ಕೇಳುವರು. "ಕಾರ್ ಡಿಟೇಲಿಂಗ್ ಮಾವ," ಎನ್ನುವನು ಇವನು. ಮಾವ ಪಾಯಸ ಒಂದು ಗುಟುಕು ಎಳೆದು, ಯೋಚನೆ ಮಾಡಿ, "ಓ, ತೊಳೆಯೋದಾ?" ಎನ್ನುವರು. ತೊಳೆಯುವುದು ಬೇರೆ, ಬಣ್ಣದ ಮೇಲಿನ ಕೂದಲೆಳೆ ಗೀರುಗಳನ್ನು ಒಂದೊಂದಾಗಿ ತೆಗೆಯುವುದು ಬೇರೆ ಎಂದು ಇವನು ವಿವರಿಸಲು ಶುರುಮಾಡುವ ಹೊತ್ತಿಗೆ ಮಜ್ಜಿಗೆ ಬಂದಿರುತ್ತಿತ್ತು.

ಅವನೇನು ಸುಮ್ಮನೆ ಬಕೆಟ್ ಹಿಡಿದು ಬಂದವನಲ್ಲ. ಮೈಸೂರಿನ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಟ್ಯೂಬ್‌ಲೈಟ್ ಕೆಳಗೆ ನಿಂತು ಬಣ್ಣದ ತಪಾಸಣೆ ಮಾಡಿದವನು. ಆ ಕೆಲಸ ಬಿಟ್ಟು, ಅದೇ ರಸ್ತೆಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು, "ಮಹಾಂತ ಡಿಟೇಲಿಂಗ್ ಸ್ಟುಡಿಯೋ" ಎಂದು ಬೋರ್ಡ್ ಬರೆಸಿದ. ಬೋರ್ಡ್ ಚೆನ್ನಾಗಿತ್ತು. ಎಂಟು ತಿಂಗಳಾದರೂ ಬಂದವರೆಲ್ಲ ಆ ಬೋರ್ಡ್ ಕೆಳಗೇ ಗಾಡಿ ನಿಲ್ಲಿಸಿ, "ಬೇರೇನೂ ಬೇಡ, ನೀರು ಹೊಡೆದು ಕೊಡಿ ಸಾಕು," ಎನ್ನುತ್ತಿದ್ದರು. ಅವನು ನೀರನ್ನೂ ಹೊಡೆಯುತ್ತಿದ್ದ, ಕೇಳದಿದ್ದರೂ ಬಾಗಿಲಿನ ಕೀಲು, ಸೀಟಿನ ಅಡಿ, ಪೆಟ್ರೋಲ್ ಮುಚ್ಚಳದ ಹಿಂಬದಿಯನ್ನೂ ಬ್ರಶ್ ಹಾಕಿ ಉಜ್ಜುತ್ತಿದ್ದ. ಕಾಣುವ ಜಾಗವನ್ನು ಯಾರು ಬೇಕಾದರೂ ಒರೆಸುತ್ತಾರೆ, ಕಾಣದ ಜಾಗ ಒರೆಸುವವನೇ ಡಿಟೇಲರ್ ಎಂಬುದು ಅವನ ಧರ್ಮ. ಧರ್ಮವೇನೋ ದೊಡ್ಡದು, ಆದರೆ ಕಾಣದ ಜಾಗ ಯಾರಿಗೂ ಕಾಣುವುದಿಲ್ಲವಲ್ಲ! ಈ ಆಯುಧಪೂಜೆಯೊಳಗೆ ಹೆಸರು ನಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕಾರ್ಖಾನೆಗೆ ವಾಪಸ್ ಹೋಗುವುದು ಎಂದು ಅವನು ತೀರ್ಮಾನಿಸಿದ್ದ.

ಆಗ ಬಂದವರು ಸಿದ್ದಲಿಂಗಸ್ವಾಮಿ. ಅಗ್ರಹಾರದ ನಿವಾಸಿ, ನಿವೃತ್ತ ಎಂಜಿನಿಯರ್, ಕುಕ್ಕರಹಳ್ಳಿ ಕೆರೆ ಸುತ್ತುವ ವಾಕಿಂಗ್ ಬಳಗದ ಅಧ್ಯಕ್ಷರು. ಆ ಬಳಗದ ಇಪ್ಪತ್ತೆರಡು ಮಂದಿಗೆ ಯಾವ ಡಾಕ್ಟರು, ಯಾವ ಅಕ್ಕಿ, ಯಾವ ಅಳಿಯ ಎಂದು ಹೇಳುವವರೇ ಇವರು. ಅವರ ಕಾರು ಮೂವತ್ತು ವರ್ಷ ಹಳೆಯ ಕರೀ ಕಾಂಟೆಸ್ಸಾ. ಅಗ್ರಹಾರದ ಬೀದಿಯಲ್ಲಿ ಅದು ಹೊರಟರೆ ಎದುರಿಗೆ ಬಂದ ಹಸುವೂ ಹಿಂದಕ್ಕೆ ಹೆಜ್ಜೆ ಹಾಕಬೇಕು.

"ಮೂರು ದಿನ ಟೈಮ್ ಕೊಡ್ತೀನಿ ಕಣಯ್ಯ. ನನಗೆ ಒಪ್ಪಿಗೆ ಆದ್ರೆ ಇಪ್ಪತ್ತೆರಡೂ ಕಾರು ನಿನ್ ಬಾಗ್ಲಿಗೇ ಬರ್ತವೆ," ಎಂದರು.

ಮಹಾಂತೇಶ ಮೂರು ದಿನ ಊಟ ನಿದ್ದೆಯನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಬಾನೆಟ್ಟಿನಲ್ಲಿ ಮುಖ ಕಂಡಿತು. ಮೂರನೆಯ ದಿನ ಕಾಣದ ಜಾಗಗಳ ಸರದಿ. ಎಡಗಡೆ ಸೀಟಿನ ಮುಂದಿನ ಗ್ಲೋವ್ ಬಾಕ್ಸ್ ತೆರೆದು, ಕಾಗದಗಳನ್ನು ಹೊರಗಿಟ್ಟು, ಮುಚ್ಚಳದ ಒಳಮೈಗೆ ಔಷಧ ಸಿಂಪಡಿಸಿ ಉಜ್ಜಿದ. ಬಟ್ಟೆಗೆ ಬೂದಿಬಣ್ಣದ ಕೊಳೆ ಬಂತು. ನೋಡಿ ಖುಷಿಪಟ್ಟ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಆಗಲೇ ಫೋನು ಬಂತು.

"ಮಹಾಂತೇಶ, ಒಂದು ಮಾತು ಹೇಳೋದು ಮರೆತೆ," ಎಂದರು ಸಿದ್ದಲಿಂಗಸ್ವಾಮಿ. "ಗ್ಲೋವ್ ಬಾಕ್ಸ್ ಮುಚ್ಚಳದ ಒಳಗಡೆ ನಮ್ ಹಿರೇ ಗುರುಗಳು ತಮ್ಮ ಕೈಯಾರೆ ಇಟ್ಟ ವಿಭೂತಿ ಇದೆ. ಕಾರು ತಗೊಂಡ ದಿನ ಇಟ್ಟಿದ್ದು. ಅವ್ರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷ ಆಯ್ತು. ದಿನಾ ಅದನ್ನ ನೋಡೇ ನಾನು ಗಾಡಿ ಎತ್ತೋದು. ಅದೊಂದು ಮುಟ್ಬೇಡ ಕಣಪ್ಪ."

"ಆಯ್ತು ಸಾರ್," ಎಂದ ಮಹಾಂತೇಶ. ಗುರುಗಳು ಅವನ ಕೈಯಲ್ಲಿದ್ದ ಬಟ್ಟೆಯಲ್ಲಿದ್ದರು.

ಬೇರೆಯವನಾಗಿದ್ದರೆ ಹೆದರಿ, ಗೆರೆ ಹೇಗಿತ್ತು, ಎಷ್ಟಿತ್ತು ಎಂದು ಹೇಗಾದರೂ ಮಾಡಿ ವಿಚಾರಿಸುತ್ತಿದ್ದ. ಮಹಾಂತೇಶನದು ಹುಟ್ಟಾ ಮಠದ ಭಕ್ತರ ಮನೆ. ನಾಮಕರಣಕ್ಕೂ ಮುಂಚೆ ಹಣೆಗೆ ವಿಭೂತಿ ಬಿದ್ದವನಿಗೆ ವಿಭೂತಿ ಹೇಗಿರುತ್ತದೆಂದು ಇನ್ನೊಬ್ಬರು ಹೇಳಿಕೊಡಬೇಕೆ? ಕಂಪ್ರೆಸರಿನ ಮೇಲಿದ್ದ ದೇವರ ಪಟದ ಹತ್ತಿರದಿಂದ ವಿಭೂತಿ ಗಟ್ಟಿ ತಂದು, ನೀರಿನಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಎಡದಿಂದ ಬಲಕ್ಕೆ ಎಳೆದ. ಮೂರು ಗೆರೆ, ಸ್ಕೇಲ್ ಇಟ್ಟ ಹಾಗೆ. ಹಳೆಯದಾಗಿ ಕಾಣಲೆಂದು ಸ್ವಲ್ಪ ಊದಿದ. ಇದು ಮೋಸ ಎಂದು ಅವನಿಗೆ ಗೊತ್ತಿತ್ತು. ಆದರೆ ಇಪ್ಪತ್ತೆರಡು ಕಾರು ಎಂಬುದೂ ಗೊತ್ತಿತ್ತು.

ಸಂಜೆ ಸಿದ್ದಲಿಂಗಸ್ವಾಮಿಗಳು ಬಳಗದ ನಾಲ್ವರನ್ನೂ ಹೆಂಡತಿ ಗಿರಿಜಾಂಬಾ ಅವರನ್ನೂ ಕರೆದುಕೊಂಡು ಬಂದರು. ಬಾನೆಟ್ ನೋಡಲಿಲ್ಲ, ಚಕ್ರ ನೋಡಲಿಲ್ಲ. ಸೀದಾ ಹೋಗಿ ಗ್ಲೋವ್ ಬಾಕ್ಸ್ ತೆರೆದವರು ಹಾಗೇ ನಿಂತುಬಿಟ್ಟರು.

"ಮೂರು!" ಎಂದರು.

ಮಹಾಂತೇಶನಿಗೆ ಅರ್ಥವಾಗಲಿಲ್ಲ. ಮೂರಲ್ಲದೆ ಇನ್ನೆಷ್ಟು?

"ನಮ್ ಗುರುಗಳಿಗೆ ಉಂಗುರದ ಬೆರಳು ಅರ್ಧ ಇರ್ಲಿಲ್ಲ ಕಣ್ರಯ್ಯ," ಎಂದು ಸಿದ್ದಲಿಂಗಸ್ವಾಮಿ ಬಳಗದ ಕಡೆ ತಿರುಗಿದರು. "ಚಿಕ್ಕೋರಿದ್ದಾಗ ಮೇವು ಕತ್ತರಿಸೋ ಮಿಷನ್ನಿಗೆ ಸಿಕ್ಕಿ ಹೋಗಿತ್ತು. ಅವರು ಎಲ್ಲಿ ಇಟ್ರೂ ಎರಡೂವರೆ ಗೆರೆ. ಮೂವತ್ತು ವರ್ಷ ಎರಡೂವರೆ ಇದ್ದಿದ್ದು ಇವತ್ತು ಮೂರಾಗಿದೆ. ಗುರುಗಳು ಪೂರ್ಣ ಆಗವ್ರೆ!"

ಬಳಗದ ನಾಲ್ವರೂ ಚಪ್ಪಲಿ ಬಿಟ್ಟರು. ನೆಲದಲ್ಲಿ ಶಾಂಪೂ ನೀರಿತ್ತು, ಒಬ್ಬರು ಜಾರಿ ಇನ್ನೊಬ್ಬರನ್ನು ಹಿಡಿದುಕೊಂಡರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮಹಾಂತೇಶ ಬಕೆಟ್ ಪಕ್ಕಕ್ಕೆ ಸರಿಸಿದ. ಗಿರಿಜಾಂಬಾ ಮಾತ್ರ ಮುಚ್ಚಳವನ್ನೊಮ್ಮೆ, ಅವನ ಬೆರಳುಗಳನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡರು.

ಮಾರನೆಯ ಬೆಳಗಿನಿಂದ ಶೆಡ್ಡಿನ ಮುಂದೆ ಸಾಲು. ಕೆರೆ ಏರಿಯ ಮೇಲೆ ಹುಟ್ಟಿದ ಸುದ್ದಿ ತಿಂಡಿ ಹೊತ್ತಿಗೆ ಅಶೋಕಪುರಂ ದಾಟಿತ್ತು. ಬಂದವರಿಗೆ ಪಾಲಿಶ್ ಬೇಕಿರಲಿಲ್ಲ. "ಆ ಗ್ಲೋವ್ ಬಾಕ್ಸ್ ಕಡೆ ಒಂದ್ಸಲ ಕೈಯಾಡ್ಸಿ, ನಿಮ್ಮ ಕೈಗುಣ ಚೆನ್ನಾಗಿದ್ಯಂತೆ," ಎನ್ನುವರು. ಒಬ್ಬರು ಕಾರನ್ನೇ ತರದೆ ಮೊಣಕಾಲು ತೋರಿಸಿದರು. ಮದುವೆ ಊಟದ ಮಾವ ಫೋನ್ ಮಾಡಿ, "ನಮ್ ಗಾಡಿಗೂ ಒಂದ್ ಡಿಟೇಲಿಂಗ್ ಮಾಡ್ಬುಡಪ್ಪ," ಎಂದರು. ಡಿಟೇಲಿಂಗ್! ಮಾವನ ಬಾಯಲ್ಲಿ ಆ ಪದ ಕೇಳಿ ಮಹಾಂತೇಶನಿಗೆ ಕಣ್ಣು ತುಂಬಿತು. ಸುಳ್ಳಿನಿಂದ ಬಂದ ಹೆಸರು ಎಂದು ಒಳಗೆ ಚುಚ್ಚುತ್ತಿತ್ತು ನಿಜ. ಆದರೆ ಹಸಿದವನು ಅನ್ನ ಯಾರ ಮನೆಯದೆಂದು ಕೇಳುತ್ತಾನೆಯೆ? ಆಯುಧಪೂಜೆಯ ಹೊತ್ತಿಗೆ ಹದಿನಾಲ್ಕು ಪೂರ್ತಿ ಕೆಲಸ ಬುಕ್ ಆದವು. ಕಾರ್ಖಾನೆಯ ಯೋಚನೆ ಬಿಟ್ಟೇಹೋಯಿತು.

ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ಮಧ್ಯಾಹ್ನದ ಹೊತ್ತು ಗಿರಿಜಾಂಬಾ ಒಬ್ಬರೇ ಸಿಟಿ ಬಸ್ಸಿಳಿದು ಬಂದರು. ಮಹಾಂತೇಶ ಸ್ಟೂಲು ಒರೆಸಿ ಕೊಟ್ಟ.

"ಬಸ್ಸಲ್ಲಿ ಬಂದ್ರಾ ಅಮ್ಮ? ಕಾರಿತ್ತಲ್ಲ?"

"ಕಾರಲ್ಲಿ ನಂಗೆ ಜಾಗ ಎಲ್ಲಪ್ಪ ಉಂಟು?" ಎಂದರು. "ಮುಂದಿನ ಸೀಟು ಗುರುಗಳದಂತೆ. ಅದಕ್ಕೆ ಕೆಂಪು ಶಾಲು ಹೊದಿಸವ್ರೆ. ಸೀಟ್ ಬೆಲ್ಟ್ ಬೇರೆ ಹಾಕವ್ರೆ. ಹಿಂದಿನ ಸೀಟಲ್ಲಿ ಹೂವು, ಬಾಳೆಹಣ್ಣು, ಗಂಟೆ. ಮೂವತ್ತು ವರ್ಷ ನಾನು ಕೂತ ಸೀಟು ಆ ಮುಂದಿನದು."

ಮಹಾಂತೇಶನಿಗೆ ನಗು ಬಂತು. ಅವರ ಮುಖ ನೋಡಿ ಹೆದರಿಕೆಯೂ ಬಂತು.

"ಆ ಮೂರು ಗೆರೆ ನಿಂದೇ ತಾನೆ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಹೂಂ ಅಮ್ಮ. ಗೊತ್ತಾಗದೆ ಒರೆಸ್ಬುಟ್ಟೆ. ಗುರುಗಳ ಕೈಯ ಗುರುತು ಹಾಳು ಮಾಡ್ಬುಟ್ಟೆ. ತಪ್ಪಾಯ್ತು."

ಗಿರಿಜಾಂಬಾ ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ, ನೀನು ಒರೆಸಿದ್ದು ಗುರುಗಳದ್ದಲ್ಲ ಕಣೋ, ನಂದು! ಮೈಸೂರಿನ ಮಳೆಗಾಲಕ್ಕೆ ಗೋಡೆ ಸುಣ್ಣವೇ ನಿಲ್ಲಲ್ಲ, ವಿಭೂತಿ ಮೂವತ್ತು ವರ್ಷ ನಿಲ್ಲುತ್ತೇನೋ? ಬಣ್ಣದ ಕೆಲಸ ಮಾಡಿದೋನು ಅಂತೀಯ, ಅಷ್ಟೂ ಹೊಳೀಲಿಲ್ವಾ? ಕಾರು ಬಂದ ಎರಡನೇ ವಾರವೇ ನಾನೂ ಒದ್ದೆ ಬಟ್ಟೇಲಿ ಒರೆಸ್ಬುಟ್ಟಿದ್ದೆ. ಇವರಿಗೆ ಗೊತ್ತಾದ್ರೆ ಊಟ ಬಿಡ್ತಾರೆ ಅಂತ ಬೆರಳು ಮಡಚ್ಕೊಂಡು ಹಂಗೇ ಎರಡೂವರೆ ಎಳೆದೆ. ಅವತ್ತಿಂದ ವರ್ಷಕ್ಕೆರಡು ಸಲ ಎಳೀತಾನೇ ಇದೀನಿ."

ಊರಿನಲ್ಲಿ ಮಹಾಂತೇಶನಿಗಿಂತ ಮೂವತ್ತು ವರ್ಷ ಸೀನಿಯರ್ ಡಿಟೇಲರ್ ಸ್ಟೂಲಿನ ಮೇಲೆ ಕೂತಿದ್ದರು.

"ನಿಂಗೂ ನಂಗೂ ಒಂದೇ ವ್ಯತ್ಯಾಸ," ಎಂದರು ಅವರು ಎದ್ದು ನಿಲ್ಲುತ್ತಾ. "ನಾನು ಒರೆಸೋ ಮುಂಚೆ ನೋಡಿದ್ದೆ. ನೀನು ನೋಡ್ಲಿಲ್ಲ."

ಆ ಮಾತು ಅವನ ಎದೆಗೆ ನಾಟಿತು. ಕಾಣದ ಜಾಗ ಒರೆಸುತ್ತೇನೆಂದು ಎಂಟು ತಿಂಗಳು ಬೀಗಿದ್ದವನು, ಕಂಡದ್ದನ್ನೇ ನೋಡಿರಲಿಲ್ಲ. ಯಾವ ಮಾವನ ಮಾತಿಗೂ ಅವನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

"ನಾಳೆ ಹಬ್ಬಕ್ಕೆ ನೀರು ಹೊಡ್ಸೋಕೆ ಕಾರು ತರ್ತಾರೆ. ಅವರ ಗುರುಗಳು ಅವರಿಗೆ ಉಳೀಬೇಕು. ನನ್ನ ಸೀಟು ನಂಗೆ ಬರಬೇಕು. ಅದು ಎಂಗೆ ಅಂತ ನಿಂಗೆ ಬುಟ್ಟಿದ್ದು," ಎಂದು ಗಿರಿಜಾಂಬಾ ಬಸ್ಸಿಗೆ ಹೋದರು.

ಅವನು ಅಲ್ಲೇ ಕೂತು ಲೆಕ್ಕ ಹಾಕಿದ. ಮೂರು ಗೆರೆ ತನ್ನದು ಎಂದರೆ ಗುರುಗಳ ಗೆರೆ ಒರೆಸಿಹೋಯಿತೆಂದು ಮುದುಕರು ಕುಸಿಯುತ್ತಾರೆ. ಗಿರಿಜಾಂಬಾ ಹೆಸರೆತ್ತಿದರೆ ಮೂವತ್ತು ವರ್ಷದ ಸಂಸಾರವೇ ಕಲಕುತ್ತದೆ. ಸುಮ್ಮನಿದ್ದರೆ ತನಗೆ ಹದಿನಾಲ್ಕು ಕಾರು, ಅವರಿಗೆ ಸಿಟಿ ಬಸ್ಸು. ಎಲ್ಲವನ್ನೂ ಸರಿಮಾಡುವ ಮಾತು ಒಂದೇ ಒಂದಿತ್ತು. ಅದು ಯಾವ ಡಿಟೇಲರನೂ ಸತ್ತರೂ ಆಡದ ಮಾತು.

ಮರುದಿನ ಸಿದ್ದಲಿಂಗಸ್ವಾಮಿಗಳ ಕಾರಿನ ಹಿಂದೆ ಬಳಗದ ಆರು ಕಾರು ಬಂದವು; ಕೊನೆಯದರಿಂದ ಗಿರಿಜಾಂಬಾ ಇಳಿದರು. ಮಹಾಂತೇಶ ಕಾಂಟೆಸ್ಸಾವನ್ನು ಒಳಗೆ ತೆಗೆದುಕೊಂಡು, ಶಟರ್ ಅರ್ಧ ಎಳೆದು, ಮುಚ್ಚಳವನ್ನು ಒರೆಸಿದ. ಉಂಗುರದ ಬೆರಳು ಮಡಚಿ ಎಳೆದ. ಮೊದಲ ಸಲ ಸೊಟ್ಟಗಾಯಿತು. ಮತ್ತೆ ಒರೆಸಿ, ಉಸಿರು ಬಿಗಿಹಿಡಿದು ಎಳೆದ. ಎರಡೂವರೆ. ಒಣಗಿದ ಮೇಲೆ ಶಟರ್ ಎತ್ತಿ ಎಲ್ಲರನ್ನೂ ಕರೆದ.

ಸಿದ್ದಲಿಂಗಸ್ವಾಮಿ ನೋಡಿದರು. ಮುಖ ಸಣ್ಣದಾಯಿತು. "ಇದೇನಯ್ಯ?"

"ಗುರುಗಳ ಗೆರೆ ಮೊದಲಿಂದ ಇಷ್ಟೇ ಇತ್ತು ಸಾರ್," ಎಂದ ಮಹಾಂತೇಶ. ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ತಪ್ಪು ನಂದು. ಹೋದ ಸಲ ಪಾಲಿಶ್ ಪುಡಿ ಸರಿಯಾಗಿ ಒರೆಸಿರ್ಲಿಲ್ಲ. ಅದು ಗೆರೆ ಪಕ್ಕ ಕೂತು ಉದ್ದ ಕಾಣಿಸ್ಬುಡ್ತು. ಪವಾಡ ಅಲ್ಲ ಸಾರ್, ಕೊಳಕು ಕೆಲಸ. ಈಗ ಕ್ಲೀನ್ ಮಾಡಿದೀನಿ."



"ಪುಡಿಗೆ ಕೈ ಮುಗಿಸ್ಬುಟ್ಟಲ್ಲಯ್ಯ ನಮ್ಮ ಕೈಲಿ!" ಎಂದು ಸಿದ್ದಲಿಂಗಸ್ವಾಮಿ ಗುಡುಗಿದರು. "ಬರೆಸಿರೋದು ನೋಡಿದ್ರೆ ಸ್ಟುಡಿಯೋ! ಕಾರು ತೊಳೆಯೋಕೂ ಬರಲ್ಲ ನಿಂಗೆ!"

ಬಳಗದವರು ಚಪ್ಪಲಿ ಹಾಕಿಕೊಂಡರು. ಆರು ಕಾರು ಹಿಂದಕ್ಕೆ ತಿರುಗಿಕೊಂಡು ಹೋದವು. ಮಿಕ್ಕವರು ಫೋನಿನಲ್ಲೇ ಬೇಡವೆಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನಿಗೆ ಅಳು ಬರುವಂತಾಯಿತು. ಯಾರೂ ಅವನ ಕೈಯಿಂದ ತುತ್ತು ಕಿತ್ತುಕೊಂಡಿರಲಿಲ್ಲ, ತಾನೇ ಎಸೆದಿದ್ದ. ಅದಕ್ಕೇ ಹೆಚ್ಚು ಉರಿಯುತ್ತಿತ್ತು.

ಸಿದ್ದಲಿಂಗಸ್ವಾಮಿ ಮುಂದಿನ ಸೀಟಿನ ಶಾಲು ಎಳೆದು ಮಡಚಿ ಡಿಕ್ಕಿಗೆ ಹಾಕಿದರು. ಆದರೆ ಹೊರಡುವ ಮುನ್ನ ಬಗ್ಗಿ, ಎರಡೂವರೆ ಗೆರೆಗೆ ಎಂದಿನಂತೆ ಕೈಮುಗಿದರು. ಗಿರಿಜಾಂಬಾ ಬಾಗಿಲು ತೆಗೆದು ತಮ್ಮ ಸೀಟಿನಲ್ಲಿ ಕೂತರು. ಗಾಜು ಇಳಿಸಿದರು. ಗ್ಲೋವ್ ಬಾಕ್ಸಿನ ಸಂದು, ಬಾಗಿಲಿನ ಕೀಲು, ಸೀಟಿನ ಅಡಿ, ಎಲ್ಲ ಕಡೆ ತೋರುಬೆರಳು ಹಾಯಿಸಿ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಅದನ್ನು ಮಹಾಂತೇಶನ ಕಡೆ ತಿರುಗಿಸಿದರು. ಧೂಳಿನ ಒಂದು ಕಣವೂ ಇರಲಿಲ್ಲ.

"ರೀ," ಎಂದರು ಗಂಡನಿಗೆ, "ಮುಂದಿನ ತಿಂಗಳು ನಮ್ ತಂಗಿ ಅಂಬುಜನ ಕಾರು ಇಲ್ಲಿಗೇ ಕಳಿಸ್ಬೇಕು."

"ಇವನ ಹತ್ರನಾ? ಒರೆಸೋಕೆ ಬರದೋನ ಹತ್ರ?"

"ಇವನ ಹತ್ರವೇ," ಎಂದರು ಗಿರಿಜಾಂಬಾ. "ಗಾಡಿ ಎತ್ತಿ."