ಬಾತ್‌ರೂಮಿನ ಪೈಪೋಟಿ

ಅತ್ತೆ ಆಸ್ಪತ್ರೆಯಿಂದ ಮನೆಗೆ ಬರುವ ದಿನ ದೊಡ್ಡ ಸೊಸೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಬ್ಬಸ ಹೆಚ್ಚಾಗಿ ವಾರಗಟ್ಟಲೆ ಹಾಸಿಗೆ ಹಿಡಿದಿದ್ದ ಜೀವ ಈಗ ಸಲೀಸಾಗಿ ಉಸಿರಾಡುತ್ತಿದೆಯಂತೆ, ತಿಂಡಿಗೆ ಉಪ್ಪಿಲ್ಲವೆಂದು ನರ್ಸಿನ ಜೊತೆ ಜಗಳವನ್ನೂ ಆಡಿತಂತೆ! ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು? ಕರೆತರಲು ಗಂಡ ಕಾರು ತೆಗೆದುಕೊಂಡು ಹೋಗಿದ್ದ. ಡಾಕ್ಟರು ಮಾತ್ರ ಒಂದು ಮಾತು ಹೇಳಿ ಹೆದರಿಸಿದ್ದರು. ಎದೆ ಇನ್ನೂ ಸೂಕ್ಷ್ಮವಾಗಿದೆ, ಉಬ್ಬಸ ಇನ್ನೊಂದು ಸಲ ಹೀಗೆ ಕೆರಳಿದರೆ ಉಳಿಸಿಕೊಳ್ಳುವುದು ಕಷ್ಟ, ಮನೆ ಚೊಕ್ಕಟವಾಗಿರಲಿ ಅಂತ.

ಚೊಕ್ಕಟ! ಆ ಮಾತನ್ನು ಈ ಮನೆಯವರಿಗೆ ಯಾರಾದರೂ ಹೇಳಿಕೊಡಬೇಕೆ? ಬಾಗಿಲ ಚಿಲಕದ ಮೇಲೂ ಬೆರಳಾಡಿಸಿ ಧೂಳು ಹುಡುಕುವ ಅತ್ತೆಯ ಕೈಯಲ್ಲಿ ಪಳಗಿದವರು ಇಬ್ಬರು ಸೊಸೆಯರು. ಅಡುಗೆಯ ವಿಷಯಕ್ಕೆ ಜಗಳವಿಲ್ಲ, ಒಡವೆಯ ವಿಷಯಕ್ಕೆ ಜಗಳವಿಲ್ಲ, ಬಾತ್‌ರೂಮಿನ ವಿಷಯ ಬಂದರೆ ಮಾತ್ರ ಈ ವಾರಗಿತ್ತಿಯರು ಹಾವು ಮುಂಗುಸಿ. ಬೆಳಗಿನ ಪಾಳಿ ದೊಡ್ಡವಳದು, ಸಂಜೆಯ ಪಾಳಿ ಚಿಕ್ಕವಳದು. "ಕನ್ನಡಿ ಆಗಿದೆ ಕಣ್ರೇ" ಎಂದು ಅತ್ತೆ ಅಪ್ಪಿತಪ್ಪಿ ಅಂದುಬಿಟ್ಟರೆ ಉಜ್ಜಿದವಳ ಮುಖ ಊರಗಲ, ಇನ್ನೊಬ್ಬಳ ಮುಖ ಗಡಿಗೆ ಗಾತ್ರ. ಅತ್ತೆಗೆ ಕೆಮ್ಮು ಹೆಚ್ಚಾದ ಹಾಗೆಲ್ಲ ಇವರು ಧೂಳಿನ ಮೇಲೆ ಹಲ್ಲು ಕಡಿದು ಇನ್ನಷ್ಟು ಉಜ್ಜಿದರು. ಏನು ಹಾಕಿ ತೊಳೆಯುತ್ತೀ ಅಂತ ಕೇಳಿ ನೋಡಿ, ಇಬ್ಬರೂ ತುಟಿ ಪಿಟಕ್ಕೆನ್ನುವವರಲ್ಲ. ಗುಟ್ಟು ರಟ್ಟಾಗಬಾರದೆಂದು ದೊಡ್ಡವಳು ತನ್ನ ಮದ್ದನ್ನು ಹಳೆಯ ಶಾಂಪೂ ಬಾಟಲಿಗೆ ಬಗ್ಗಿಸಿಟ್ಟಿದ್ದಳು, ಚಿಕ್ಕವಳು ಎಣ್ಣೆ ಡಬ್ಬಿಗೆ. ಎಂಥ ಬುದ್ಧಿವಂತಿಕೆ!

ಅವತ್ತು ಪಾಳಿಯ ಲೆಕ್ಕ ತಪ್ಪಿತು. ದೊಡ್ಡವಳು ಶಾಂಪೂ ಬಾಟಲಿಯನ್ನು ಬಗ್ಗಿಸಿ ಕಮೋಡಿಗೂ ನೆಲಕ್ಕೂ ಧಾರಾಳವಾಗಿ ಸುರಿದು, ಹೊರಗಿನ ಧೂಳು ಬರದಿರಲೆಂದು ಕಿಟಕಿ ಮುಚ್ಚಿ, ಸ್ವಲ್ಪ ನೆನೆಯಲಿ ಎಂದು ಅತ್ತೆಯ ಹಾಸಿಗೆಗೆ ಹೊಸ ಚಾದರ ಹಾಸಲು ಹೋದಳು. ಹೋದದ್ದೇ ತಡ, ಚಿಕ್ಕವಳು ಸೆರಗಿನ ಮರೆಯಲ್ಲಿ ಎಣ್ಣೆ ಡಬ್ಬಿ ಹಿಡಿದುಕೊಂಡು ಒಳಗೆ ನುಸುಳಿ ಬಾಗಿಲು ಮುಂದೆ ಮಾಡಿಕೊಂಡಳು. ಇಂಥ ದಿನ ಹೊಗಳಿಕೆಯೆಲ್ಲ ಒಬ್ಬಳೇ ಹೊಡೆದುಕೊಂಡು ಹೋಗುವುದೆಂದರೇನು?

ಕೆಮ್ಮು ಕೇಳಿದಾಗ ದೊಡ್ಡವಳಿಗೆ ಮೊದಲು ನಗು ಬಂತು. ಸಿಕ್ಕಿಬಿದ್ದಳು ಕಳ್ಳಿ ಅಂದುಕೊಂಡಳು. ಕೆಮ್ಮು ಮಾತ್ರ ನಿಲ್ಲಲಿಲ್ಲ, ಉಸಿರು ಸಿಗದವರ ಕೆಮ್ಮಾಯಿತು, ಆಮೇಲೆ ಬಕೆಟ್ಟು ಉರುಳಿದ ಸದ್ದು. ಅದೇ ಹೊತ್ತಿಗೆ ಬೀದಿಯಲ್ಲಿ ಕಾರಿನ ಹಾರನ್ನು! ದೊಡ್ಡವಳು ಓಡಿ ಬಾಗಿಲು ತಳ್ಳಿದಳು. ಕಣ್ಣಿಗೆ, ಗಂಟಲಿಗೆ ಕೊಳ್ಳಿ ಇಟ್ಟಂಥ ಘಾಟು ಮುಖಕ್ಕೆ ರಾಚಿತು. ಚಿಕ್ಕವಳು ಮಂಡಿಯೂರಿ ಗೋಡೆ ತಡಕುತ್ತಿದ್ದಳು. ದೊಡ್ಡವಳು ಉಸಿರು ಬಿಗಿಹಿಡಿದು ನುಗ್ಗಿದವಳೇ ವಾರಗಿತ್ತಿಯ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದಳು. ಯಾವತ್ತೋ ಒಂದು ದಿನ ಇವಳ ಜುಟ್ಟು ಹಿಡಿದು ಎಳೆಯಬೇಕು ಅಂದುಕೊಂಡಿದ್ದವಳಿಗೆ ಈಗ ಜೀವ ಬಾಯಿಗೆ ಬಂದಿತ್ತು.

ಹೊಸಿಲಿನ ಹತ್ತಿರ ಬಂದರೆ ಎದುರಿಗೆ ಅತ್ತೆ! ಕೆಮ್ಮು ಕೇಳಿ ಮಗನ ಕೈ ಕೊಡವಿಕೊಂಡು, ಏನಾಯಿತೆಂದು ನೋಡಲು ಒಳಗೇ ಬರುತ್ತಿದ್ದಾರೆ. ಆ ಘಾಟು ಆ ಎದೆಗೆ ಹೊಕ್ಕರೆ ಮುಗಿಯಿತು.

"ಒಳಗೆ ಬರ್ಬೇಡಿ ಅತ್ತೆ."

"ಇದು ನನ್ನ ಮನೆ ಕಣೇ."

"ನಿಮ್ದೇ ಮನೆ. ಕಾಲಿಟ್ರೆ ಮಾತ್ರ ಕಾಲು ಮುರೀತೀನಿ."

ಅತ್ತೆಗೆ ಹಾಗೆ ಅಂದವರು ಇದುವರೆಗೆ ಹುಟ್ಟಿರಲಿಲ್ಲ. ಬೆರಗಿನಲ್ಲೇ ಅವರು ಹಿಂದೆ ಸರಿದರು. ಮೂವರೂ ಬೀದಿಯ ಆಚೆ ಬದಿಗೆ ಹೋಗಿ ಗಾಳಿಗೆ ಮುಖವೊಡ್ಡಿ ನಿಂತರು. ಗಂಡ ಡಾಕ್ಟರಿಗೆ ಫೋನು ಹಚ್ಚಿದ. ಆ ಬಾತ್‌ರೂಮಿಗೆ ಏನೇನು ಹಾಕಿದ್ದೀರಿ, ಮೊದಲು ಅದನ್ನು ಹೇಳಿ ಎಂದರು ಅವರು. ವಾರಗಿತ್ತಿಯರು ಮುಖ ಮುಖ ನೋಡಿಕೊಂಡರು. ವರ್ಷಗಟ್ಟಲೆ ಕಾಪಾಡಿದ ಗುಟ್ಟು!

"ಆಸಿಡ್," ಎಂದಳು ದೊಡ್ಡವಳು.

"ಬ್ಲೀಚು," ಎಂದಳು ಚಿಕ್ಕವಳು ಕೆಮ್ಮಿನ ನಡುವೆ.

ಡಾಕ್ಟರು ಬೈದ ಬೈಗುಳ ಫೋನಿನಾಚೆಗೂ ಕೇಳಿಸಿತು. ಎರಡೂ ಸೇರಿದರೆ ವಿಷದ ಗಾಳಿಯೇ ಏಳುತ್ತದಂತೆ. ಯಾರೂ ಒಳಗೆ ಹೋಗಕೂಡದು, ಕೆಮ್ಮುತ್ತಿರುವವಳನ್ನು ಈ ಕ್ಷಣ ಕರೆತರಬೇಕು. ಗಂಡ ಕಾರು ತಿರುಗಿಸಿದ. ಹಿಂದಿನ ಸೀಟಿನಲ್ಲಿ ಅತ್ತೆ ಮಧ್ಯೆ, ಆಚೆಗೊಬ್ಬಳು ಈಚೆಗೊಬ್ಬಳು ಸೊಸೆ. ಚಿಕ್ಕವಳ ಉಸಿರು ಒಂದೊಂದಾಗಿ ಹತೋಟಿಗೆ ಬರುತ್ತಿತ್ತು. ಬದುಕಿದಳು! ಅತ್ತೆಯೂ ಬಚಾವಾದರು! ದೊಡ್ಡವಳಿಗೆ ಕುಣಿಯುವಷ್ಟು ಖುಷಿಯಾಗಿ, ಅಳುತ್ತಲೇ ನಕ್ಕಳು.

ಅತ್ತೆ ಮೂಗೇರಿಸಿ, ದೊಡ್ಡವಳ ಸೀರೆಗೆ ಅಂಟಿಕೊಂಡಿದ್ದ ಘಾಟನ್ನು ಒಮ್ಮೆ ಮೂಸಿದರು.

"ಮನೇಲಿ ಏನಾದ್ರೂ ಘಾಟು ವಾಸನೆ ಇರುತ್ತಾ ಅಂತ ಡಾಕ್ಟ್ರು ದಿನಾ ಕೇಳೋರು," ಎಂದರು. "ಇಲ್ಲ ಅಂತಿದ್ದೆ. ಇದು ಚೊಕ್ಕಟದ ವಾಸನೆ ಅಂತ ತಿಳ್ಕೊಂಡಿದ್ದೆ ಕಣ್ರೇ. ಬೆಳಗ್ಗೆ ಒಂದ್ಸಲ ಬರೋದು, ಸಂಜೆ ಒಂದ್ಸಲ ಬರೋದು. ಹಿಂದೇನೇ ಉಬ್ಬಸ."

ದೊಡ್ಡವಳು ನಗು ನಿಲ್ಲಿಸಿ ತನ್ನ ಸೆರಗನ್ನು ತಾನೇ ಮೂಸಿ ನೋಡಿದಳು. ಚಿಕ್ಕವಳು ಅತ್ತೆಯ ಬೆನ್ನ ಹಿಂದಿನಿಂದ ಕೈಚಾಚಿ ವಾರಗಿತ್ತಿಯ ಭುಜ ಹಿಡಿದಳು.

"ಅಕ್ಕಾ, ನಾವೇನಾ?" ಎಂದಳು, ಒಡೆದ ದನಿಯಲ್ಲಿ.

"ನಾವೇ ಕಣೇ," ಎಂದಳು ದೊಡ್ಡವಳು.