ಹನ್ನೆರಡು ರೂಪಾಯಿಯ ರಿಯಾಲ್

"ಫುಪ್ಪು, ಇಲ್ಲೂ ಹನ್ನೆರಡೇ ಬರ್ದಿದೀರಲ್ಲ," ಎಂದಳು ಮಿಸ್ಬಾ, ಲೆಕ್ಕದ ಪುಸ್ತಕದ ಸಾಲಿನ ಮೇಲಿಟ್ಟ ಬೆರಳು ತೆಗೆಯದೆ.

"ಹನ್ನೆರಡು ಇದ್ದಾಗ ಹನ್ನೆರಡೇ ತಾನೆ ಬರೆಯೋದು," ಎಂದಳು ಶಿರೀನ್, ಹೊಲಿಗೆ ಯಂತ್ರ ನಿಲ್ಲಿಸದೆ.

ಮಿಸ್ಬಾ ಅವಳ ತಮ್ಮ ಶೌಕತ್‌ನ ಮಗಳು, ಬಿ.ಕಾಂ. ಕೊನೆಯ ವರ್ಷ. ಸೌದಿ ರಿಯಾಲಿಗೆ ರೂಪಾಯಿಯ ಲೆಕ್ಕದಲ್ಲಿ ಹಿಂದೆಲ್ಲ ಎಷ್ಟೆಷ್ಟು ಬೆಲೆಯಿತ್ತು ಎಂದು ಕಾಲೇಜಿಗೆ ಪ್ರಾಜೆಕ್ಟ್ ಬರೆಯಬೇಕಿತ್ತು. ಇಂಟರ್ನೆಟ್ಟಿನಲ್ಲಿರುವುದನ್ನು ಎಲ್ಲರೂ ಬರೆಯುತ್ತಾರೆ, ನಮ್ಮ ಫುಪ್ಪು ಜಿದ್ದಾದಲ್ಲಿ ದುಡಿದವರು, ಅವರ ಪುಸ್ತಕವೇ ಇದೆ ಎಂದು ಮೇಡಂ ಮುಂದೆ ಜಂಬ ಕೊಚ್ಚಿ ಬಂದಿದ್ದಳು. ಅದಕ್ಕೇ ಬೆಳಿಗ್ಗೆಯೇ ಶಿವಾಜಿನಗರದಿಂದ ಬಸ್ಸು ಹಿಡಿದು ಕೆ.ಆರ್. ಪುರದ ಈ ಎರಡು ಕೋಣೆಯ ಮನೆಗೆ ಬಂದು ಕೂತಿದ್ದಳು.

ಶಿರೀನ್ ಜಿದ್ದಾಕ್ಕೆ ಹೋದದ್ದು 2010ರಲ್ಲಿ, ಒಂದು ದೊಡ್ಡ ಮನೆಯ ಹೆಂಗಸರ ಬಟ್ಟೆ ಹೊಲಿಯಲು. ತಿಂಗಳಿಗೆ ಸಾವಿರದ ಐನೂರು ರಿಯಾಲ್. ಊಟ, ಮಲಗುವುದು ಎಲ್ಲ ಅಲ್ಲೇ, ಬೀದಿಯ ಮುಖ ಕಂಡದ್ದೇ ಅಪರೂಪ. ಬ್ಯಾಂಕಿಗೆ ಕರೆದೊಯ್ಯುವವರು ಯಾರು? ಶಿವಾಜಿನಗರದಿಂದ ಮೆಕ್ಕಾಗೆ ಉಮ್ರಾ ಯಾತ್ರೆಗೆಂದು ಬಂದವರು ಊರಿಗೆ ಹೊರಟಾಗ ಅವರ ಕೈಯಲ್ಲೇ ನೋಟು ಕಳಿಸುತ್ತಿದ್ದಳು. ಸುಮ್ಮನೆ ಕೈಗೆ ಕೊಡುವಷ್ಟು ಪೆದ್ದಿಯಲ್ಲ. ಅಂಗೈಯಗಲದ ಬಟ್ಟೆ ಚೀಲದೊಳಗೆ ನೋಟು ಮಡಿಸಿಟ್ಟು, ಹಸಿರು ಕೆಂಪು ದಾರ ಕೂಡಿಸಿ ಬಾಯಿ ಹೊಲಿದುಬಿಡುತ್ತಿದ್ದಳು. ದಾರಿಯಲ್ಲಿ ಯಾರಾದರೂ ಬಿಚ್ಚಿದರೆ ಮತ್ತೆ ಹಾಗೇ ಹೊಲಿಯುವುದು ಅವರಪ್ಪನಿಂದಲೂ ಆಗುತ್ತಿರಲಿಲ್ಲ.

ಚೀಲ ಮುಟ್ಟಿದ ದಿನ ಫೋನಿನಲ್ಲಿ ಅವಳ ಮೊದಲ ಮಾತು, "ಹೊಲಿಗೆ ಸರಿ ಇದೆಯಾ ನೋಡು."

"ಒಂದು ದಾರಾನೂ ಅಲ್ಲಾಡಿಲ್ಲ ಆಪಾ," ಎನ್ನುತ್ತಿದ್ದ ಶೌಕತ್. ನೋಟು ಬದಲಾಯಿಸಿಕೊಂಡು ಬಂದು ರೇಟು ಹೇಳುತ್ತಿದ್ದ. ಅವಳು ಬರೆದುಕೊಳ್ಳುತ್ತಿದ್ದಳು. ತಾರೀಕು, ಎಷ್ಟು ರಿಯಾಲ್, ರಿಯಾಲಿಗೆ ಹನ್ನೆರಡು.

ಆರೂವರೆ ವರ್ಷ ಒಂದೇ ರೇಟು ನಿಂತಿರುತ್ತದೆಯೇ ಎಂಬ ಅನುಮಾನ ಬರಬೇಕಿತ್ತು, ನಿಜ. ಆದರೆ ಆ ಮನೆಯ ಯಜಮಾನಿ ಒಮ್ಮೆ ಹೆಮ್ಮೆಯಿಂದ ಹೇಳಿದ್ದಳು: ನಮ್ಮ ರಿಯಾಲ್ ಅಲ್ಲಾಡುವುದಿಲ್ಲ, ಡಾಲರಿಗೆ ಮೂರು ಮುಕ್ಕಾಲು ಎಂದರೆ ಮೂರು ಮುಕ್ಕಾಲೇ, ನಾನು ಮದುವೆಯಾಗಿ ಬಂದಾಗಿನಿಂದಲೂ ಅಷ್ಟೇ. ಡಾಲರಿನ ಮುಂದೆಯೇ ಅಲ್ಲಾಡದ್ದು ರೂಪಾಯಿಯ ಮುಂದೆ ಯಾಕೆ ಅಲ್ಲಾಡೀತು ಎಂದುಕೊಂಡಳು ಶಿರೀನ್. ರೂಪಾಯಿಯೇ ಕೆಳಗಿಳಿಯಬಹುದೆಂದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ತಮ್ಮನ ಮಾತಿನ ಮುಂದೆ ಅದು ನಿಲ್ಲುತ್ತಿರಲಿಲ್ಲ.

ಮಿಸ್ಬಾ ಫೋನನ್ನು ಯಂತ್ರದ ಹಲಗೆಯ ಮೇಲಿಟ್ಟಳು. ಅದರಲ್ಲೊಂದು ಗೆರೆ ಏರುತ್ತ ಹೋಗಿತ್ತು.

"ಮೊದಲ ಒಂದೂವರೆ ವರ್ಷ ಸರಿಯಾಗೇ ಇದೆ ಫುಪ್ಪು. ಆಮೇಲಿಂದ ಇಲ್ಲ. 2013 ಆಗಸ್ಟ್ ಕೊನೇಲಿ ಹದಿನೆಂಟಿತ್ತು. ನೀವು ಬರ್ದಿರೋದು ಹನ್ನೆರಡು."

ಯಂತ್ರ ನಿಂತಿತು.

"ಹಳೇ ರೇಟು ಅಷ್ಟು ಕರೆಕ್ಟಾಗಿ ಇರುತ್ತಾ ಇದರಲ್ಲಿ?"

"ದಿನಾ ದಿನದ್ದೂ ಇರುತ್ತೆ." ಹುಡುಗಿಯ ದನಿ ಸಣ್ಣದಾಯಿತು. "ಎಲ್ಲಾ ಕೂಡಿಸ್ದೆ. ನಾಲ್ಕು ಲಕ್ಷದ ಹತ್ರ ವ್ಯತ್ಯಾಸ ಬರ್ತಿದೆ. ನಾನೇ ಎಲ್ಲೋ ತಪ್ಪಿರ್ಬೇಕು."

ನಾಲ್ಕು ಲಕ್ಷ. ಆ ಅಂಕಿ ಶಿರೀನ್‌ಗೆ ಹೊಸದಲ್ಲ. ಈ ಮನೆ ಕೊಳ್ಳುವಾಗ ಅವಳ ಹಣಕ್ಕೆ ಸರಿಯಾಗಿ ಅಷ್ಟೇ ಕಡಿಮೆ ಬಿದ್ದಿತ್ತು. ನನ್ನ ಅಂಗಡಿ ಅಡವಿಟ್ಟು ತಂದಿದ್ದೇನೆ ಎಂದು ಶೌಕತ್ ಅಷ್ಟನ್ನೂ ಹಾಕಿದ್ದ. ಋಣ ಇಟ್ಟುಕೊಳ್ಳಬಾರದೆಂದು, ಬೇಡ ಬೇಡ ಎನ್ನುತ್ತಿದ್ದವನ ಹೆಸರನ್ನು ತಾನೇ ಹಟ ಹಿಡಿದು ಪತ್ರಕ್ಕೆ ಸೇರಿಸಿದ್ದಳು, ಅರ್ಧಕ್ಕರ್ಧ. ಈಗ ಆ ಅರ್ಧ ತನಗೆ ಬೇಕು, ಮನೆ ಮಾರೋಣ ಎನ್ನುತ್ತಿದ್ದ ಅವನು. ಉಳಿದರ್ಧದಲ್ಲಿ ಅವಳಿಗೆ ಈ ಕಡೆ ಒಂದು ಕೋಣೆಯೂ ಸಿಗುವುದಿಲ್ಲ. ನಮ್ಮ ಮಹಡಿಯ ಮೇಲಿನ ಶೀಟಿನ ರೂಮಿನಲ್ಲಿರು ಎಂದಿದ್ದ. ಅವಳು ಅದಕ್ಕೂ ತಲೆಯಾಡಿಸಿದ್ದಳು. ಇವತ್ತು ಮಧ್ಯಾಹ್ನ ಅಗ್ರಿಮೆಂಟಿಗೆ ಸಹಿ.

ಅವಳಿಗೆ ದುಃಖಕ್ಕಿಂತ ಮೊದಲು ನಾಚಿಕೆಯಾಯಿತು. ಊರವರನ್ನೆಲ್ಲ ಕಳ್ಳರೆಂದು ಅನುಮಾನಿಸಿ ಎರಡೆರಡು ದಾರದಲ್ಲಿ ಹೊಲಿದಿದ್ದಳಲ್ಲ. ಗುರುತಿಲ್ಲದ ಎಷ್ಟು ಜನ ಆ ಚೀಲಗಳನ್ನು ಎದೆಗವುಚಿಕೊಂಡು ಸಮುದ್ರ ದಾಟಿಸಿದ್ದರು, ಒಬ್ಬರೂ ಮುಟ್ಟಿರಲಿಲ್ಲ.

"ಫುಪ್ಪು, ಅಬ್ಬಾನ ಕೇಳ್ಬೇಡಿ," ಎಂದಳು ಮಿಸ್ಬಾ.

"ಹೋಗು, ಟೀ ಇಡು. ಅವನು ಬರೋ ಹೊತ್ತಾಯ್ತು."

ಶೌಕತ್ ಬಂದವನೇ ಫ್ಯಾನಿನ ಕೆಳಗೆ ಕೂತ. ಕಾಗದಗಳನ್ನು ಯಂತ್ರದ ಹಲಗೆಯ ಮೇಲೆ ಹರಡಿದ. ಪಕ್ಕದಲ್ಲಿ ಒಂದು ಪುಟ್ಟ ಬಟ್ಟೆ ಚೀಲ ಇಟ್ಟ.

"ನನ್ನ ಹತ್ರ ಇದ್ದ ಮನೆ ಕೀನೂ ತಂದಿದೀನಿ ಆಪಾ. ಮನೆ ತಗೊಳ್ಳೋ ಭೀಮೇಶ್ ಅವರಿಗೆ ಎರಡು ಸೆಟ್ಟೂ ಬೇಕಂತೆ. ಒಳ್ಳೆ ಪಾರ್ಟಿ, ಅಡ್ವಾನ್ಸ್ ಇವತ್ತೇ ಕೊಡ್ತಾರೆ."

ಶಿರೀನ್ ಚೀಲವನ್ನು ಗುರುತಿಸಿದಳು. ಅವಳದೇ. ಬಾಯಿಯನ್ನು ಬ್ಲೇಡಿನಲ್ಲಿ ಸೀಳಿದ್ದ. ಅಂಚಿನಲ್ಲಿ ಹಸಿರು ಕೆಂಪು ದಾರದ ತುಣುಕುಗಳು ಇನ್ನೂ ಅಂಟಿಕೊಂಡಿದ್ದವು.

"ಶೌಕತ್," ಎಂದಳು, "2013ರಲ್ಲಿ ರಂಜಾನ್ ಮುಗಿದ ಮೇಲೆ ಒಂದು ಚೀಲ ಕಳ್ಸಿದ್ನಲ್ಲ, ಆಗಸ್ಟ್ ಕೊನೇಲಿ. ಆಗ ರಿಯಾಲಿಗೆ ಎಷ್ಟು ಕೊಟ್ಟಿದ್ರು?"

ಅವನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ. ಗೊತ್ತಿಲ್ಲ ಎನ್ನಬಹುದಿತ್ತು, ಮರೆತೆ ಎನ್ನಬಹುದಿತ್ತು. ಹಾಗೆನ್ನಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಹನ್ನೆರಡು," ಎಂದ ಶೌಕತ್. "ಯಾವಾಗ್ಲೂ ಹನ್ನೆರಡೇ ಅಲ್ವಾ ಆಪಾ, ನೀನೇ ಬರ್ಕೊಂಡಿದೀಯಲ್ಲ."

ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟ ಹಿಡಿದ ಮಿಸ್ಬಾ ನಿಂತಿದ್ದಳು. ಅವನು ಆಗಷ್ಟೇ ಮಗಳನ್ನು ಕಂಡ, ಆಮೇಲೆ ಹಲಗೆಯ ತುದಿಯಲ್ಲಿ ತೆರೆದಿದ್ದ ಪುಸ್ತಕವನ್ನು, ಅದರ ಪಕ್ಕದ ಫೋನನ್ನು. ಪೆನ್ನಿನ ಮುಚ್ಚಳ ಕೈಯಲ್ಲೇ ಉಳಿಯಿತು.

"ನಿನ್ನ ಫೀಸು, ಯೂನಿಫಾರ್ಮು, ಅದೆಲ್ಲ ಎಲ್ಲಿಂದ ಬಂತು ಅಂದ್ಕೊಂಡಿದೀಯ?" ಎಂದ. ಅಕ್ಕನಿಗಲ್ಲ, ಮಗಳಿಗೆ.

ಮಿಸ್ಬಾ ಲೋಟವನ್ನು ಅವನ ಮುಂದಿಡದೆ ಅಲ್ಲೇ ಕಟ್ಟೆಯ ಮೇಲಿಟ್ಟಳು.

ಶಿರೀನ್ ಸಹಿ ಹಾಕದೆಯೇ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ ತಮ್ಮನ ಕಡೆಗೆ ಸರಿಸಿದಳು. ಡಬ್ಬಿಯಿಂದ ಸೂಜಿ ತೆಗೆದು, ಹಸಿರೊಂದು ಕೆಂಪೊಂದು ಎಳೆ ಕೂಡಿಸಿ ಪೋಣಿಸಿದಳು. ಕಣ್ಣು ಮಂಜಾಗಿ ಮೂರನೆಯ ಸಲಕ್ಕೆ ದಾರ ದಾಟಿತು. ಚೀಲವನ್ನು ಮಡಿಲಿಗಿಟ್ಟುಕೊಂಡು, ಕೀ ಒಳಗಿದ್ದಂತೆಯೇ, ಸೀಳಿದ ಬಾಯಿಯನ್ನು ಹೊಲಿಯತೊಡಗಿದಳು. ಶೌಕತ್ ಒಂದೆರಡು ಸಲ "ಆಪಾ" ಎಂದ. ಅವಳು ಅವಸರ ಮಾಡಲಿಲ್ಲ.

ತುದಿ ಮುಟ್ಟಿದ ಮೇಲೆ ಗಂಟು ಹಾಕಿ ದಾರ ಕಚ್ಚಿದಳು. ಚೀಲವನ್ನು ಮಿಸ್ಬಾಳ ಕಡೆ ಚಾಚಿದಳು.

"ಹೊಲಿಗೆ ಸರಿ ಇದೆಯಾ ನೋಡು."

ಮಿಸ್ಬಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ಹೊಲಿಗೆಯನ್ನು ಮುಟ್ಟುತ್ತ ಹೋದಳು.